ಕೋಡ್ ಹೇಳಿದ್ದು, ಬಲ್ಬು ತೋರಿಸಿದ್ದು



ಬಿ.ಇ. ಓದಿ ಸಾಫ್ಟ್‌ವೇರ್ ಕೆಲಸ ಮಾಡುವ ನಾನು ಇಂದು ಒಂದು ತಪ್ಪನ್ನು ಒಪ್ಪಿಕೊಳ್ಳಬೇಕಿದೆ.

ಮಳೆಗಾಲದಲ್ಲೊಮ್ಮೆ ಅಪ್ಪ-ಅವ್ವನನ್ನು ಕಾರಿನಲ್ಲಿ ಕೂರಿಸಿಕೊಂಡು ಬಸವಕಲ್ಯಾಣದಿಂದ ಹುಮನಾಬಾದಿಗೆ ಹೊರಟಿದ್ದೆ. ಸಸ್ತಾಪುರ ಬಂಗ್ಲಾದ ಹತ್ತಿರ ಹೆದ್ದಾರಿ 65 ಸೇರಿದೊಡನೆ ಎಬಿಎಸ್ ದೀಪ ಹೊತ್ತಿತು. ಬ್ರೇಕ್ ಹಿಡಿಯುತ್ತಿತ್ತು, ಆದರೆ ಒದ್ದೆ ರಸ್ತೆಯಲ್ಲಿ ಜೋರಾಗಿ ಒತ್ತಿದರೆ ಚಕ್ರ ಬಿಗಿದು ಗಾಡಿ ಜಾರುವ ಭಯ. ನಿಧಾನವಾಗಿ ಊರು ಮುಟ್ಟಿದೆವು.

ಹುಮನಾಬಾದಿನ ಗ್ಯಾರೇಜಿನಲ್ಲಿ ನನ್ನ ಸ್ಕ್ಯಾನರ್ ಜೋಡಿಸಿದೆ. ‘ಸಿ’ಯಿಂದ ಶುರುವಾಗುವ ಕೋಡ್ ಬಂತು. ಅಂದರೆ ಬ್ರೇಕ್, ಸ್ಟಿಯರಿಂಗ್ ಸೇರಿದ ಚಾಸಿ ವಿಭಾಗದ ದೋಷ: ಪಂಪ್ ಮೋಟರ್ ಸರ್ಕೀಟ್. ಫ್ಯೂಸ್ ಸರಿಯಿತ್ತು, ಮೀಟರ್ 12 ವೋಲ್ಟ್ ತೋರಿಸಿತು. “ಮೋಟರೇ ಹೋಗಿದೆ, ಬದಲಿಸೋಣ” ಎಂದೆ.

ಎಲೆಕ್ಟ್ರಿಷಿಯನ್ ಚಾಚಾ ನಕ್ಕರು. “ತಮ್ಮಾ, ಸರ್ಕೀಟ್ ಅಂತ ಬರದದ. ಮೋಟರ್ ಕೆಟ್ಟದ ಅಂತ ಎಲ್ಲಿ ಬರದದ?”

ಕನೆಕ್ಟರ್ ಬಿಚ್ಚಿ, ಮೋಟರಿಗೆ ಹೋಗುವ ವೈರುಗಳಿಗೆ ಹೆಡ್‌ಲೈಟ್ ಬಲ್ಬು ಹಚ್ಚಿದರು. ಮಂಕಾಗಿ ಉರಿಯಿತು. ಮೀಟರ್ ಎಳೆಯುವ ಕರೆಂಟು ಅತ್ಯಲ್ಪ; ಕೆಟ್ಟ ಜೋಡಣೆಯಲ್ಲೂ ಅದು ಪೂರ್ಣ ವೋಲ್ಟೇಜ್ ತೋರಿಸುತ್ತದೆ. ಬಲ್ಬು ನಿಜವಾದ ಭಾರ ಹಾಕಿತು. ವೈರಿನ ಬೆನ್ನುಹತ್ತಿ ಹೋದರೆ, ಬಾಡಿಗೆ ಬಿಗಿದ ಅರ್ಥಿಂಗ್ ಬೋಲ್ಟು ತುಕ್ಕು ಹಿಡಿದಿತ್ತು. ಸ್ಯಾಂಡ್‌ಪೇಪರಿನಿಂದ ಉಜ್ಜಿ ಬಿಗಿದರು. ಬಲ್ಬು ಝಗ್ಗನೆ ಬೆಳಗಿತು. ಕನೆಕ್ಟರ್ ಹಾಕಿ, ಕೋಡ್ ಅಳಿಸಿ, ಸುತ್ತಾಡಿಸಿ ಬಂದೆವು. ದೀಪ ಮತ್ತೆ ಹೊತ್ತಲಿಲ್ಲ.

ಹೋದ ಕರೆಂಟು ತಿರುಗಿ ಬರಲೇಬೇಕೆಂದು ಇದೇ ಶಾಲೆಯಲ್ಲಿ ಗುರುಗಳು ಸೆಲ್ಲು, ಟಾರ್ಚ್ ಬಲ್ಬು ಇಟ್ಟು ತೋರಿಸಿದ್ದರು. ಪದವಿ ಪಡೆದ ನಾನು ಮರೆತಿದ್ದೆ, ಚಾಚಾ ಮರೆತಿರಲಿಲ್ಲ.

ಗೆಳೆಯರೇ, ಶಾಲೆಗೆ ಕಂಪ್ಯೂಟರ್ ಕೊಡೋಣ. ಜೊತೆಗೆ ಪ್ರತಿ ಮಗುವಿನ ಕೈಗೂ ಸೆಲ್ಲು, ಬಲ್ಬು, ವೈರು ಸಿಗುವಂತೆ ಮಾಡೋಣ.