ಜಗಲಿಯ ಕತ್ತಲಿಗೆ ನಾವೇ ಕಟ್ಟಿದ ದೀಪ

(ಸಾಕ್ಷ್ಯಚಿತ್ರ ತರಬೇತಿ ಶಿಬಿರವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ದೀಪದ ವಿಚಾರ ಮಾತನಾಡಲು ನಿಂತಿರುವ ನಾನು ವಿದ್ಯುತ್ ತಂತ್ರಜ್ಞನಲ್ಲ. ಮಲೆನಾಡಿನ ಹಿರಿಯರ ಮಾತುಗಳನ್ನು ಚಿತ್ರೀಕರಿಸಿಡುವ ಹವ್ಯಾಸ ನನ್ನನ್ನು ಈ ಕೆಲಸಕ್ಕೆ ಎಳೆತಂದಿತು. ಅದರ ಹಿಂದೆ ಒಂದು ಸೋಲಿದೆ. ಅದನ್ನೇ ಮೊದಲು ಹೇಳಿಬಿಡುತ್ತೇನೆ.

ಕೆಲವು ವರ್ಷಗಳ ಹಿಂದೆ ನಮ್ಮೂರಿನ ಅಜ್ಜಿಯೊಬ್ಬರ ಮಾತನ್ನು ದಾಖಲಿಸಲು ಹೋಗಿದ್ದೆವು. ಗುಡ್ಡದ ಯಾವ ಮಗ್ಗುಲಲ್ಲಿ ಯಾವ ಅಬ್ಬಿ ಇತ್ತು, ಯಾವುದು ಮೊದಲು ಬತ್ತಿತು, ಅದರ ಮೇಲಿನ ಕಾಡು ಹೋದದ್ದು ಯಾವಾಗ ಎಂಬುದೆಲ್ಲ ಅವರಿಗೆ ಕಂಠಸ್ಥ. ಆದರೆ ಹಗಲಿನಲ್ಲಿ ಅವರಿಗೆ ಬಿಡುವಿಲ್ಲ. ರಾತ್ರಿ ಅಡಿಕೆ ಸುಲಿಯಲು ಮೆಟ್ಟುಗತ್ತಿಯ ಮುಂದೆ ಕುಳಿತಾಗ ಮಾತ್ರ ಮಾತು ತಾನಾಗಿ ಹರಿಯುತ್ತಿತ್ತು. ಅಂದು ಅವರು ಸುಲಿದ ಅಡಿಕೆಗಳನ್ನೇ ನೆಲದ ಮೇಲೆ ಒಂದೊಂದಾಗಿ ಇಟ್ಟು, ಹನ್ನೊಂದು ಅಬ್ಬಿಗಳ ಜಾಗವನ್ನು ತೋರಿಸಿದರು. ಜಗಲಿಯಲ್ಲಿದ್ದುದು ಒಂದು ಅಗ್ಗದ ಬಲ್ಬು, ನಮ್ಮ ಕೈಯಲ್ಲಿದ್ದುದು ಮೊಬೈಲ್ ಫೋನು. ಮನೆಗೆ ಬಂದು ನೋಡಿದರೆ ಚಿತ್ರದುದ್ದಕ್ಕೂ ಕಪ್ಪು ಪಟ್ಟಿಗಳು ಸರಿದಾಡುತ್ತಿವೆ, ಅಜ್ಜಿಯ ಮುಖ ಕಾಮಾಲೆಯವರಂತೆ ಹಸಿರು ಹಳದಿಯಾಗಿದೆ, ನೆಲದ ಮೇಲಿನ ಅಡಿಕೆಗಳು ಕತ್ತಲಲ್ಲಿ ಕರಗಿಹೋಗಿವೆ. ಮರುವರ್ಷ ಮತ್ತೆ ಹೋದಾಗ ಅವರಿಗೆ ಆರು ಅಬ್ಬಿಗಳಷ್ಟೇ ನೆನಪಿದ್ದವು.

ದೋಷ ಎಲ್ಲಿಯದು? ನಮ್ಮ ಮನೆಗಳಿಗೆ ಬರುವ ವಿದ್ಯುತ್ತಿನ ಆವರ್ತನ ಸೆಕೆಂಡಿಗೆ 50. ಅಗ್ಗದ ಬಲ್ಬಿನ ಬೆಳಕು ಅದರಿಂದಾಗಿ ಸೆಕೆಂಡಿಗೆ 100 ಬಾರಿ ಏರಿಳಿಯುತ್ತದೆ. ಕಣ್ಣು ಇದನ್ನು ಗುರುತಿಸದಿದ್ದರೂ ಕ್ಯಾಮೆರಾ ಗುರುತಿಸುತ್ತದೆ. ಸೆಕೆಂಡಿಗೆ 25 ಚಿತ್ರ, ಶಟರ್ 1/50 ಎಂದು ನಾವೇ ನಿಗದಿಪಡಿಸಿದರೆ ಪಟ್ಟಿಗಳು ಬಹುಮಟ್ಟಿಗೆ ಮರೆಯಾಗುತ್ತವೆ. ಅಂದು ನಾವು ಅದನ್ನು ಫೋನಿನ ಮರ್ಜಿಗೆ ಬಿಟ್ಟಿದ್ದೆವು. ಬ್ಯಾಟರಿಯಿಂದ ನೇರವಾಗಿ ಉರಿಯುವ ಎಲ್‌ಇಡಿಯಲ್ಲಿ ಈ ಏರಿಳಿತವೇ ಇಲ್ಲ.

ಮುಖದ ಬಣ್ಣದ ಕಥೆ ಬೇರೆ. ಸಾಮಾನ್ಯ ಬಿಳಿ ಎಲ್‌ಇಡಿಯ ಒಳಗಿರುವುದು ನೀಲಿ ಬೆಳಕು. ಮೇಲಿನ ಫಾಸ್ಫರ್ ಲೇಪ ಅದರಲ್ಲೊಂದಷ್ಟನ್ನು ಹಳದಿಯಾಗಿಸುತ್ತದೆ, ಎರಡೂ ಬೆರೆತು ಬಿಳಿಯೆನಿಸುತ್ತದೆ. ಆ ನೀಲಿ ಎಲ್‌ಇಡಿಯನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಎಂಬ ವಿಜ್ಞಾನಿಗಳಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಸಂದಿತು. ಆದರೆ ಅಗ್ಗದ ಮಾಲಿನಲ್ಲಿ ಕೆಂಪು ಬಹಳ ಕಡಿಮೆ. ಕೆಂಪಿಲ್ಲದ ಬೆಳಕಿನಲ್ಲಿ ಮನುಷ್ಯರ ಚರ್ಮ ಜೀವ ಕಳೆದುಕೊಳ್ಳುತ್ತದೆ. ಅಂಗಡಿಯಲ್ಲಿ ‘ಸಿಆರ್‌ಐ’ ಎಷ್ಟೆಂದು ಕೇಳಿ. 80 ಮನೆಬಳಕೆಗೆ ಸಾಕು, ಚಿತ್ರೀಕರಣಕ್ಕೆ 95 ಬೇಕು. ಹಣ ಉಳಿಸುವುದಿದ್ದರೆ ಬೇರೆಲ್ಲಾದರೂ ಉಳಿಸಿ, ಇದರಲ್ಲಿ ಬೇಡ.

ಹಿಂದೆ ಚಿತ್ರೀಕರಣಕ್ಕೆ 1000 ವಾಟಿನ ಹ್ಯಾಲೊಜನ್ ದೀಪಗಳನ್ನು ತರುತ್ತಿದ್ದರು. ಹಳ್ಳಿಯಲ್ಲಿ ಅದಕ್ಕೆ ಜನರೇಟರ್ ಬೇಕು; ಜನರೇಟರ್ ಗುಡುಗಿದರೆ ಅಜ್ಜಿಯ ಮಾತು ಕೇಳದು. ಅಷ್ಟೇ ವಿದ್ಯುತ್ತಿಗೆ ಎಲ್‌ಇಡಿ ಸುಮಾರು ಐದು ಪಟ್ಟು ಬೆಳಕು ಕೊಡುತ್ತದೆ.

ಈಗ ಕಟ್ಟುವ ಕೆಲಸ. 12 ವೋಲ್ಟಿನ, ಮೀಟರಿಗೆ 120 ಎಲ್‌ಇಡಿ ಇರುವ, 9.6 ವಾಟಿನ ಪಟ್ಟಿಯನ್ನು ಎರಡೂವರೆ ಮೀಟರ್ ತೆಗೆದುಕೊಳ್ಳಿ. ಕತ್ತರಿಸಬಹುದಾದ ಗುರುತು ಪಟ್ಟಿಯ ಮೇಲೆಯೇ ಇರುತ್ತದೆ. 25 ಸೆಂಟಿಮೀಟರಿನ ಹತ್ತು ತುಂಡು ಮಾಡಿ, ಒಂದು ಅಡಿ ಚೌಕದ ಅಲ್ಯೂಮಿನಿಯಂ ತಗಡಿನ ಮೇಲೆ ಸಾಲಾಗಿ ಅಂಟಿಸಿ. ತಗಡು ಬಿಸಿಯನ್ನು ಹೀರದಿದ್ದರೆ ಎಲ್‌ಇಡಿಯ ಆಯುಷ್ಯ ಕುಗ್ಗುತ್ತದೆ. ತುಂಡುಗಳನ್ನು ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸಬೇಡಿ, ಕೊನೆಯದು ಮಂಕಾಗುತ್ತದೆ. ಎಲ್ಲ ಧನ ತುದಿಗಳಿಗೆ ಒಂದು ತಂತಿ, ಎಲ್ಲ ಋಣ ತುದಿಗಳಿಗೆ ಇನ್ನೊಂದು ತಂತಿ ಬೆಸೆಯಿರಿ. ಬೆಸುಗೆಯ ಹೊಗೆ ಮೂಗಿಗೆ ಬಾರದಂತೆ ಕಿಟಕಿ ತೆರೆದಿರಲಿ, ಕೆಲಸ ಮುಗಿದ ಮೇಲೆ ಕೈ ತೊಳೆಯಿರಿ. ಇದು 24 ವಾಟಿನ ದೀಪ, ಎಳೆಯುವುದು ಎರಡು ಆಂಪಿಯರ್. ಬ್ಯಾಟರಿಯ ಪಕ್ಕದಲ್ಲೇ ಮೂರು ಆಂಪಿಯರಿನ ಫ್ಯೂಸ್ ಹಾಕಲೇಬೇಕು. ನಾನು ಅದನ್ನು ಬಿಟ್ಟು ಒಮ್ಮೆ ತಂತಿ ಸುಟ್ಟುಕೊಂಡಿದ್ದೇನೆ. ಗೋಡೆಯ 230 ವೋಲ್ಟಿಗೆ ಇದನ್ನು ಎಂದಿಗೂ ನೇರ ಜೋಡಿಸಬಾರದು.

ಕಂಪ್ಯೂಟರಿನ ಯುಪಿಎಸ್‌ನಲ್ಲಿರುವ 12 ವೋಲ್ಟ್, 7 ಆಂಪಿಯರ್-ಗಂಟೆಯ ಬ್ಯಾಟರಿ ಇದಕ್ಕೆ ಸಾಕು. ಒಂದೂವರೆ ಗಂಟೆ ಉರಿಸಿ ನಿಲ್ಲಿಸಿ. ಪೂರ್ತಿ ಬರಿದುಮಾಡಿದರೆ ಅದು ಬೇಗ ಕೆಡುತ್ತದೆ. ಬೆಳಕು ತಗ್ಗಿಸಲು ಅಗ್ಗದ ಡಿಮ್ಮರ್ ಕೊಳ್ಳಬೇಡಿ. ಅದು ಬೆಳಕನ್ನು ಹೊತ್ತಿಸಿ ಆರಿಸಿ ತಗ್ಗಿಸುತ್ತದೆ, ಹಳೆಯ ಕಪ್ಪು ಪಟ್ಟಿಗಳು ಮತ್ತೆ ಬರಬಹುದು. ಐದೈದು ತುಂಡಿಗೆ ಒಂದೊಂದು ಸ್ವಿಚ್ಚು ಇಟ್ಟರಾಯಿತು. ನನಗೆ ಬ್ಯಾಟರಿಯೂ ಸೇರಿ ತಗುಲಿದ್ದು ಮೂರು ಸಾವಿರ ರೂಪಾಯಿಯೊಳಗೆ.

ಬರಿಯ ಎಲ್‌ಇಡಿಯನ್ನು ಮುಖಕ್ಕೆ ಹಿಡಿದರೆ ಕಣ್ಣು ಕುಕ್ಕುತ್ತದೆ. ಒಗೆದು ತೆಳುವಾದ ಬಿಳಿ ಪಂಚೆಯನ್ನು ಒಂದಡಿ ಮುಂದೆ ಇಳಿಬಿಡಿ, ಇಲ್ಲವೇ ದೀಪವನ್ನು ಸುಣ್ಣ ಬಳಿದ ಗೋಡೆಗೆ ತಿರುಗಿಸಿ. ಇದು ಬಡವರ ಉಪಾಯವೆಂದು ನಾಚಬೇಕಿಲ್ಲ. 1956ರಲ್ಲಿ ತೆರೆಕಂಡ ಸತ್ಯಜಿತ್ ರಾಯ್ ಅವರ ‘ಅಪರಾಜಿತೋ’ ಚಿತ್ರದಲ್ಲಿ ಛಾಯಾಗ್ರಾಹಕ ಸುಬ್ರತ ಮಿತ್ರ, ಸ್ಟುಡಿಯೋದಲ್ಲಿ ಕಟ್ಟಿದ ಕಾಶಿಯ ಮನೆಯಂಗಳದ ಮೇಲೆ ಬಿಳಿ ಬಟ್ಟೆ ಕಟ್ಟಿ, ಅದರಿಂದ ಬೆಳಕನ್ನು ಪುಟಿಸಿಯೇ ಹಗಲನ್ನು ಸೃಷ್ಟಿಸಿದ್ದರು. ನಮ್ಮ ಮಸಿ ಹಿಡಿದ ಅಡುಗೆಮನೆಯ ಗೋಡೆಗಳು ಮಾತ್ರ ಬೆಳಕನ್ನು ನುಂಗಿಬಿಡುತ್ತವೆ. ಅಲ್ಲಿ ಪಂಚೆಯೇ ಗತಿ.

ಪರಿಸರದ ಕೆಲಸ ಮಾಡುವ ನಾವು ಇನ್ನೊಂದು ಮಾತನ್ನು ಆಡಲೇಬೇಕು. ಇದು ಜಗಲಿಯ ದೀಪ, ಕಾಡಿನದಲ್ಲ. ಮುಂಗಾರಿಗೆ ಮುನ್ನ ಮಿಂಚುಹುಳುಗಳು ತಮ್ಮ ಮಿಣುಕಿನಿಂದಲೇ ಜೋಡಿಯನ್ನು ಕರೆಯುತ್ತವೆ. ಅಲ್ಲಿ ನಮ್ಮ ದೀಪ ಬೆಳಗಿದರೆ ಆ ಕರೆ ಕಾಣದಾಗುತ್ತದೆ. ಅಂಗಳದಲ್ಲಿ ಹಚ್ಚುವುದಾದರೂ ನೀಲಿ ಬೆರೆತ ಬಿಳಿಗಿಂತ ಹಳದಿ ಛಾಯೆಯದನ್ನು ಆರಿಸಿ, ಹುಳುಗಳು ಕಡಿಮೆ ಬಂದು ಸಾಯುತ್ತವೆ. ಕೆಟ್ಟ ಬ್ಯಾಟರಿಯನ್ನು ಹಳ್ಳಕ್ಕೆ ಎಸೆಯದೆ ಮಾರಿದ ಅಂಗಡಿಗೇ ಮರಳಿಸಿ. ಅದರೊಳಗಿರುವುದು ಸೀಸ ಮತ್ತು ಆಮ್ಲ.

ಅಜ್ಜಿ ಈಗಲೂ ಅಡಿಕೆ ಸುಲಿಯುತ್ತಾರೆ. ಮೂರನೆಯ ಬಾರಿ ಈ ದೀಪ ಹಿಡಿದು ಹೋದಾಗ ಅವರ ಜೊತೆ ನೆರೆಮನೆಯ ಇಬ್ಬರು ಹಿರಿಯರನ್ನೂ ಕೂರಿಸಿದೆವು. ಮೂವರೂ ವಾದಿಸಿ, ಅಡಿಕೆಗಳನ್ನು ಅತ್ತಿತ್ತ ಸರಿಸಿ, ಒಂಬತ್ತು ಅಬ್ಬಿಗಳನ್ನು ಗುರುತಿಸಿದರು. ಉಳಿದೆರಡರ ಜಾಗ ಇನ್ನೂ ಖಾಲಿಯಿದೆ. ಆ ಚಿತ್ರವನ್ನು ತಂದಿದ್ದೇನೆ. ಮುಂದಿನ ಸಾಲಿನಲ್ಲಿ ಕುಳಿತ ಹಿರಿಯರು ಯಾರಾದರೂ ಜಾಗ ಗುರುತಿಸಬಲ್ಲಿರಾದರೆ ದಯವಿಟ್ಟು ನಡುವೆಯೇ ನಿಲ್ಲಿಸಿ ಹೇಳಿ. ಹುಡುಗರೇ, ದೀಪ ಆರಿಸಿ.