ಶೆರ್ವುಡ್ ಕಾಡನ್ನು ಕಟ್ಟಿದ ಕೈಗಳು: 1938ರ ರಾಬಿನ್ ಹುಡ್ ಚಿತ್ರದ ತಂಡ

ಇಂಗ್ಲಿಷಿನಲ್ಲಿ ಸ್ವಾಶ್‌ಬಕ್ಲರ್ ಎಂದು ಕರೆಯಲಾಗುವ ಚಲನಚಿತ್ರ ಪ್ರಕಾರಕ್ಕೆ ಆ ಹೆಸರು ಬಂದದ್ದು ಹದಿನಾರನೆಯ ಶತಮಾನದ ಒಂದು ಮೂದಲಿಕೆಯ ಮಾತಿನಿಂದ. ಕತ್ತಿಯನ್ನು ಪುಟ್ಟ ಗುರಾಣಿಗೆ ಬಡಿದು ಸದ್ದು ಮಾಡುತ್ತ ಮೆರೆಯುವ ಜಂಬಗಾರನನ್ನು ಆ ಕಾಲದ ಇಂಗ್ಲೆಂಡಿನ ಜನ ಹಾಗೆ ಕರೆಯುತ್ತಿದ್ದರು. ಸಿನಿಮಾದಲ್ಲಿ ಈ ಪದಕ್ಕೆ ಮೂದಲಿಕೆಯ ಅರ್ಥ ಹೋಗಿ, ಗತಕಾಲದ ಕೋಟೆ, ಕಾಡು, ಹಡಗುಗಳ ನಡುವೆ ಕತ್ತಿವರಸೆ ಬಲ್ಲ ವೀರನೊಬ್ಬ ಅನ್ಯಾಯದ ಆಳ್ವಿಕೆಯನ್ನು ನಗುನಗುತ್ತ ಎದುರಿಸುವ ಸಾಹಸಕಥೆ ಎಂಬ ಅರ್ಥ ನೆಲೆಗೊಂಡಿತು. ನಾಯಕ ಒಬ್ಬನೇ ಹತ್ತು ಮಂದಿಯನ್ನು ಹಿಮ್ಮೆಟ್ಟಿಸುವುದು ಈ ಪ್ರಕಾರದ ನಿಯಮವಾದರೆ, ಆ ಒಬ್ಬನನ್ನು ಪರದೆಯ ಮೇಲೆ ಗೆಲ್ಲಿಸಲು ದುಡಿದ ಕುಶಲಿಗಳ ದುಡಿಮೆಯೇ ಇದರ ನಿಜವಾದ ಚರಿತ್ರೆ. ಅಮೆರಿಕದ ವಾರ್ನರ್ ಬ್ರದರ್ಸ್ ಸ್ಟುಡಿಯೋ 1938ರ ಮೇ ತಿಂಗಳಲ್ಲಿ ಬಿಡುಗಡೆ ಮಾಡಿದ ‘ದಿ ಅಡ್ವೆಂಚರ್ಸ್ ಆಫ್ ರಾಬಿನ್ ಹುಡ್’ ಚಿತ್ರದ ನಿರ್ಮಾಣದಲ್ಲಿ ಈ ಸಂಗತಿ ಸ್ಪಷ್ಟವಾಗಿ ಕಾಣುತ್ತದೆ.

ಈ ಪ್ರಕಾರಕ್ಕೆ ಗಟ್ಟಿ ಅಡಿಪಾಯ ಹಾಕಿದವರು ಮೂಕಿಚಿತ್ರಗಳ ಕಾಲದ ನಟ ಮತ್ತು ನಿರ್ಮಾಪಕ ಡಗ್ಲಾಸ್ ಫೇರ್‌ಬ್ಯಾಂಕ್ಸ್. 1920ರಲ್ಲಿ ‘ದಿ ಮಾರ್ಕ್ ಆಫ್ ಜೋರೋ’ ಮಾಡಿದ ಅವರು, 1922ರಲ್ಲಿ ಆಲನ್ ಡ್ವಾನ್ ನಿರ್ದೇಶನದಲ್ಲಿ ಬೃಹತ್ ಕೋಟೆಯ ಸೆಟ್ ಹಾಕಿಸಿ ರಾಬಿನ್ ಹುಡ್‌ನ ಕಥೆಯನ್ನು ತೆರೆಗೆ ತಂದರು. ಆ ಚಿತ್ರದಲ್ಲಿ ನಾಯಕನ ಬಲಗೈ ಬಂಟ ಲಿಟಲ್ ಜಾನ್ ಆಗಿದ್ದ ಆಲನ್ ಹೇಲ್ ಎಂಬ ಭಾರೀ ಮೈಕಟ್ಟಿನ ನಟ, ಹದಿನಾರು ವರ್ಷಗಳ ನಂತರ ವಾರ್ನರ್ ಚಿತ್ರದಲ್ಲಿಯೂ ಅದೇ ಪಾತ್ರ ವಹಿಸಿ, 1950ರಲ್ಲಿ ಇನ್ನೊಂದು ಚಿತ್ರದಲ್ಲಿ ಮೂರನೆಯ ಬಾರಿಗೆ ಅದನ್ನೇ ಧರಿಸಿದರು. ವಾಕ್ಚಿತ್ರ ಬಂದ ಮೊದಲ ವರ್ಷಗಳಲ್ಲಿ ಹಿನ್ನೆಲೆಗೆ ಸರಿದಿದ್ದ ಈ ಪ್ರಕಾರಕ್ಕೆ 1930ರ ದಶಕದ ನಡುವೆ ಮತ್ತೆ ಜೀವ ಬಂದಿತು.

ವಾರ್ನರ್ ಚಿತ್ರದ ಬೇರನ್ನು ಹುಡುಕಿದರೆ ಅದು ಷೇಕ್ಸ್‌ಪಿಯರ್ ನಾಟಕವೊಂದರ ಕಡೆಗೆ ಹೋಗುತ್ತದೆ. ಯುರೋಪಿನ ಹೆಸರಾಂತ ರಂಗನಿರ್ದೇಶಕ ಮ್ಯಾಕ್ಸ್ ರೈನ್‌ಹಾರ್ಟ್ 1935ರಲ್ಲಿ ಇದೇ ಸ್ಟುಡಿಯೋಗೆ ‘ಎ ಮಿಡ್‌ಸಮರ್ ನೈಟ್ಸ್ ಡ್ರೀಮ್’ ಚಿತ್ರ ಮಾಡಿದಾಗ, ನೇಕಾರ ಬಾಟಮ್‌ನ ಪಾತ್ರದಲ್ಲಿ ಜೇಮ್ಸ್ ಕ್ಯಾಗ್ನಿ, ಹರ್ಮಿಯಾ ಆಗಿ ಹದಿಹರೆಯದ ಒಲಿವಿಯಾ ಡಿ ಹ್ಯಾವಿಲೆಂಡ್ ಅಭಿನಯಿಸಿದ್ದರು. ಸಂಗೀತವನ್ನು ಚಿತ್ರಕ್ಕೆ ಹೊಂದಿಸಲು ರೈನ್‌ಹಾರ್ಟ್ ವಿಯೆನ್ನಾದಿಂದ ಎರಿಕ್ ವೂಲ್ಫ್‌ಗಾಂಗ್ ಕಾರ್ನ್‌ಗೋಲ್ಡ್ ಅವರನ್ನು ಕರೆಸಿಕೊಂಡಿದ್ದರು. ರಾಬಿನ್ ಹುಡ್‌ಗೆ ಸ್ಟುಡಿಯೋ ಮೊದಲು ಗೊತ್ತುಮಾಡಿದ್ದು ಈ ಕ್ಯಾಗ್ನಿಯವರನ್ನೇ. ಆದರೆ ವರ್ಷಕ್ಕೆ ಮಾಡಬೇಕಾದ ಚಿತ್ರಗಳ ಸಂಖ್ಯೆಯೇ ಮೊದಲಾದ ಕರಾರಿನ ವಿಷಯಗಳಲ್ಲಿ ತಕರಾರು ಎದ್ದು, ಅವರು ಸ್ಟುಡಿಯೋ ಬಿಟ್ಟು ನ್ಯಾಯಾಲಯಕ್ಕೆ ಹೋದದ್ದರಿಂದ ಯೋಜನೆ ಸುಮಾರು ಎರಡು ವರ್ಷ ಮುಂದೆ ಹೋಯಿತು. ಕರಾರು ಎಂದರೆ ಇಲ್ಲಿ ನಟ, ನಿರ್ದೇಶಕ, ತಂತ್ರಜ್ಞರೆಲ್ಲರೂ ಹಲವು ವರ್ಷಗಳ ಮಟ್ಟಿಗೆ ಒಂದೇ ಸ್ಟುಡಿಯೋದ ಸಂಬಳದಲ್ಲಿದ್ದು, ಅದು ಹೇಳಿದ ಚಿತ್ರಗಳಲ್ಲಿ ದುಡಿಯಬೇಕೆಂಬ ಕಟ್ಟುಪಾಡು.

ತೆರವಾದ ಜಾಗಕ್ಕೆ ಬಂದ ಎರಾಲ್ ಫ್ಲಿನ್ ಆಸ್ಟ್ರೇಲಿಯದ ಟ್ಯಾಸ್ಮೇನಿಯಾದಲ್ಲಿ ಹುಟ್ಟಿದವರು. ರಾಬರ್ಟ್ ಡೊನಾಟ್ ಕೈಬಿಟ್ಟ ‘ಕ್ಯಾಪ್ಟನ್ ಬ್ಲಡ್’ ಎಂಬ ಕಡಲುಗಳ್ಳರ ಚಿತ್ರದ ನಾಯಕನ ಪಾತ್ರ 1935ರಲ್ಲಿ ಈ ಅಪರಿಚಿತ ನಟನ ಪಾಲಿಗೆ ಬಂದು, ಒಂದೇ ಚಿತ್ರದಿಂದ ಅವರು ತಾರೆಯಾಗಿದ್ದರು. ಅಲ್ಲಿ ಅವರಿಗೆ ನಾಯಕಿಯಾಗಿದ್ದ, ಟೋಕಿಯೋದಲ್ಲಿ ಹುಟ್ಟಿದ ಡಿ ಹ್ಯಾವಿಲೆಂಡ್ ಇಲ್ಲಿ ಮೇರಿಯನ್ ಆದರು. ಅಲ್ಲಿ ಎದುರಾಳಿಯಾಗಿದ್ದ, ಜೋಹಾನ್ಸ್‌ಬರ್ಗ್‌ನಲ್ಲಿ ಹುಟ್ಟಿದ ಬೇಸಿಲ್ ರಾಥ್‌ಬೋನ್ ಇಲ್ಲಿ ಖಳನಾಯಕ ಸರ್ ಗೈ ಆದರು. ಅಣ್ಣ ರಿಚರ್ಡ್ ಇಲ್ಲದ ವೇಳೆ ಸಿಂಹಾಸನಕ್ಕೆ ಹೊಂಚುಹಾಕುವ ರಾಜಕುಮಾರ ಜಾನ್‌ನನ್ನು ಲಂಡನ್ ರಂಗಭೂಮಿಯಲ್ಲಿ ಪಳಗಿದ ಕ್ಲಾಡ್ ರೇನ್ಸ್ ದನಿ ಏರಿಸದೆ, ನಯವಾದ ಮಾತಿನ ಕ್ರೌರ್ಯದಿಂದಲೇ ಚಿತ್ರಿಸಿದರು. ನಾರ್ಮನ್ ರೈಲಿ ರೇನ್ ಮತ್ತು ಸೀಟನ್ ಮಿಲ್ಲರ್ ಬರೆದ ಚಿತ್ರಕಥೆ, ಹಳೆಯ ಲಾವಣಿಗಳಿಂದ ಬಂದ ಬಿಡಿ ಪ್ರಸಂಗಗಳನ್ನು ನಾರ್ಮನ್ ದೊರೆಗಳ ತೆರಿಗೆಯ ಸುಲಿಗೆ ಮತ್ತು ಸ್ಯಾಕ್ಸನ್ ಪ್ರಜೆಗಳ ಪ್ರತಿರೋಧ ಎಂಬ ಒಂದೇ ಎಳೆಗೆ ಪೋಣಿಸಿತು.

1937ರ ಸೆಪ್ಟೆಂಬರ್ ಕೊನೆಯಲ್ಲಿ ಉತ್ತರ ಕ್ಯಾಲಿಫೋರ್ನಿಯದ ಚಿಕೋ ಊರಿನ ಬಿಡ್‌ವೆಲ್ ಪಾರ್ಕ್ ಎಂಬ ಮರಗಳು ದಟ್ಟವಾದ ಉದ್ಯಾನವನ್ನು ಇಂಗ್ಲೆಂಡಿನ ಶೆರ್ವುಡ್ ಕಾಡಾಗಿ ಮಾಡಿಕೊಂಡು ಚಿತ್ರೀಕರಣ ಶುರುವಾಯಿತು. ನಿರ್ದೇಶಕರಾಗಿದ್ದ ವಿಲಿಯಂ ಕೀಲಿ, ಸ್ಟುಡಿಯೋದ ಮೊದಲ ಮೂರುವರ್ಣದ ಕಥಾಚಿತ್ರವನ್ನು ಮಾಡಿಕೊಟ್ಟಿದ್ದ ಅನುಭವಿ. ಆದರೆ ಕೆಲಸ ನಿಧಾನವಾಗಿ ಖರ್ಚು ಏರಿದಾಗ, ನಿರ್ಮಾಣದ ಮುಖ್ಯಸ್ಥ ಹಾಲ್ ವಾಲಿಸ್, ಕೀಲಿಯವರನ್ನು ಬದಲಿಸಿ, ಬುಡಾಪೆಸ್ಟ್‌ನಲ್ಲಿ ಹುಟ್ಟಿ ಬೆಳೆದ ಮೈಕೆಲ್ ಕರ್ಟೀಜ್ ಅವರ ಕೈಗೆ ಚಿತ್ರವನ್ನು ಒಪ್ಪಿಸಿದರು. ಕಾಡಿನ ಬಯಲು ದೃಶ್ಯಗಳಲ್ಲಿ ಹೆಚ್ಚಿನವು ಕೀಲಿಯವರದಾದರೆ, ಕೋಟೆಯ ಒಳಾಂಗಣದ ರಭಸ ಕರ್ಟೀಜ್ ಅವರದು. ಕೊನೆಯ ಕಾಳಗದಲ್ಲಿ ಹೋರಾಡುವವರು ಚೌಕಟ್ಟಿನಿಂದ ಮರೆಯಾಗಿ, ಕಂಬದ ಮೇಲೆ ಅವರ ದೈತ್ಯ ನೆರಳುಗಳು ಮಾತ್ರ ಸೆಣಸುವ ಪ್ರಸಿದ್ಧ ದೃಶ್ಯದಲ್ಲಿ ಕರ್ಟೀಜ್ ಅವರ ಕೈಗುರುತು ಎದ್ದು ಕಾಣುತ್ತದೆ. 1938ರ ಜನವರಿಯಲ್ಲಿ ಚಿತ್ರೀಕರಣ ಮುಗಿಯುವ ಹೊತ್ತಿಗೆ ವೆಚ್ಚ ಸುಮಾರು 20 ಲಕ್ಷ ಡಾಲರ್ ಮುಟ್ಟಿ, ಅದುವರೆಗಿನ ವಾರ್ನರ್ ಚಿತ್ರಗಳಲ್ಲೆಲ್ಲ ಅತಿ ದುಬಾರಿಯದೆನಿಸಿತು.

ಈ ವೆಚ್ಚಕ್ಕೆ ಬಣ್ಣವೂ ಒಂದು ಕಾರಣ. ಮೂರುವರ್ಣದ ಟೆಕ್ನಿಕಲರ್ ಎಂದರೆ, ಮಸೂರದಿಂದ ಬಂದ ಬೆಳಕನ್ನು ಕ್ಯಾಮೆರಾದ ಒಳಗಿನ ಅಶ್ರಗ ಸೀಳಿ, ಕೆಂಪು, ಹಸಿರು, ನೀಲಿಯ ಅಂಶಗಳನ್ನು ಮೂರು ಬೇರೆ ಬೇರೆ ಫಿಲ್ಮುಗಳ ಮೇಲೆ ಒಟ್ಟಿಗೆ ದಾಖಲಿಸುವ ವಿಧಾನ. ಆ ಭಾರೀ ಕ್ಯಾಮೆರಾಗಳನ್ನು ಟೆಕ್ನಿಕಲರ್ ಕಂಪನಿ ಮಾರುತ್ತಿರಲಿಲ್ಲ. ತನ್ನ ತಂತ್ರಜ್ಞರ ಸಮೇತ ಬಾಡಿಗೆಗೆ ಕೊಡುತ್ತಿತ್ತು. ಕಪ್ಪುಬಿಳುಪಿನ ಚಿತ್ರಕ್ಕೆ ಬೇಕಾದುದಕ್ಕಿಂತ ಎಷ್ಟೋ ಪಟ್ಟು ಹೆಚ್ಚಿನ ಬೆಳಕನ್ನು ಅದು ಬೇಡುತ್ತಿತ್ತು. ಇಟಲಿಯಲ್ಲಿ ಹುಟ್ಟಿದ ಛಾಯಾಗ್ರಾಹಕರಾದ ಟೋನಿ ಗಾಡಿಯೊ ಮತ್ತು ಸಾಲ್ ಪೊಲಿಟೊ, ಜರ್ಮನಿಯಲ್ಲಿ ಹುಟ್ಟಿದ ಕಲಾ ನಿರ್ದೇಶಕ ಕಾರ್ಲ್ ಜೂಲ್ಸ್ ವೈಲ್, ವಸ್ತ್ರವಿನ್ಯಾಸಕ ಮಿಲೋ ಆಂಡರ್ಸನ್ ಇವರೆಲ್ಲರ ಕೆಲಸ ಕೂಡಿಬಂದದ್ದರಿಂದ, ಚಿತ್ರದ ಬಣ್ಣಗಳು ಹಳೆಯ ಸಚಿತ್ರ ಕಥಾಪುಸ್ತಕದ ಪುಟಗಳಂತೆ ಗಾಢವಾಗಿ ಮೂಡಿದವು.

ಸಾಹಸದ ವಿಭಾಗದಲ್ಲಿ ಇಬ್ಬರ ಹೆಸರು ಮುಖ್ಯ. ಬೆಲ್ಜಿಯಂ ಮೂಲದ ಕತ್ತಿವರಸೆಯ ಗುರು ಫ್ರೆಡ್ ಕ್ಯಾವೆನ್ಸ್ ಫೇರ್‌ಬ್ಯಾಂಕ್ಸ್ ಕಾಲದಿಂದಲೂ ಚಿತ್ರನಟರನ್ನು ತಯಾರು ಮಾಡುತ್ತಿದ್ದವರು. ನಿಜವಾದ ಕತ್ತಿವರಸೆಯಲ್ಲಿ ಮಣಿಕಟ್ಟಿನ ಸಣ್ಣ ಚಲನೆಯೇ ಬಲವಾದರೂ ಅದು ಪ್ರೇಕ್ಷಕನ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ಪರದೆಯ ಮೇಲಿನ ಬೀಸುಗಳು ಶಾಸ್ತ್ರಕ್ಕೆ ತಪ್ಪದೆ, ಆದರೆ ದೊಡ್ಡದಾಗಿ ಇರಬೇಕೆಂಬುದು ಅವರ ಸೂತ್ರವಾಗಿತ್ತು. ಕಾಳಗದ ಪ್ರತಿಯೊಂದು ಹೊಡೆತವನ್ನೂ ತಡೆಯನ್ನೂ ನೃತ್ಯದ ಹೆಜ್ಜೆಗಳಂತೆ ಮೊದಲೇ ಗೊತ್ತುಮಾಡಿ ಅಭ್ಯಾಸ ಮಾಡಿಸಲಾಗುತ್ತಿತ್ತು. ವಿಪರ್ಯಾಸವೆಂದರೆ ತೆರೆಯ ಮೇಲೆ ಸೋಲುವ ರಾಥ್‌ಬೋನ್, ಗೆಲ್ಲುವ ಫ್ಲಿನ್‌ಗಿಂತ ನುರಿತ ಕತ್ತಿಪಟುವಾಗಿದ್ದರು. ಬಿಲ್ಲುಗಾರಿಕೆಯ ಹೊಣೆ ಹೊತ್ತವರು ಹವರ್ಡ್ ಹಿಲ್. ಎದೆಗೆ ಬಾಣ ನಾಟುವ ದೃಶ್ಯಗಳಲ್ಲಿ ಅವರು ನಿಜವಾದ ಬಾಣಗಳನ್ನೇ ಬಿಡುತ್ತಿದ್ದು, ಉಡುಪಿನೊಳಗೆ ಉಕ್ಕಿನ ತಗಡು ಮತ್ತು ಹಗುರ ಮರದ ಹಲಗೆ ಕಟ್ಟಿಕೊಂಡು ಆ ಪೆಟ್ಟು ತಿನ್ನುತ್ತಿದ್ದ ಸಾಹಸ ಕಲಾವಿದರಿಗೆ ಬಾಣವೊಂದಕ್ಕೆ 150 ಡಾಲರ್ ಸಲ್ಲುತ್ತಿತ್ತು.

ಹಿನ್ನೆಲೆ ಸಂಗೀತದ ಕಥೆ ಯುರೋಪಿನ ರಾಜಕೀಯದೊಡನೆ ಹೆಣೆದುಕೊಂಡಿದೆ. ಯಹೂದಿ ಮನೆತನದ ಕಾರ್ನ್‌ಗೋಲ್ಡ್ ಬಾಲಪ್ರತಿಭೆಯೆಂದು ಹೆಸರಾಗಿ, ಒಪೆರಾ ಎಂಬ ಯುರೋಪಿನ ಗೇಯನಾಟಕಗಳ ರಚನೆಯಿಂದ ಕೀರ್ತಿ ಪಡೆದವರು. 1938ರ ಆರಂಭದಲ್ಲಿ ಹಾಲಿವುಡ್‌ಗೆ ಬಂದು ಚಿತ್ರ ನೋಡಿದಾಗ, ಇಷ್ಟೊಂದು ಹೊಡೆದಾಟಕ್ಕೆ ತಮ್ಮ ಸಂಗೀತ ಹೊಂದುವುದಿಲ್ಲವೆಂದು ಅವರು ನಿರಾಕರಿಸಿದ್ದರು. ಅಷ್ಟರಲ್ಲಿ ಆಸ್ಟ್ರಿಯಾದ ಮೇಲೆ ಹಿಟ್ಲರನ ಒತ್ತಡ ಬಿಗಿಯಾಗತೊಡಗಿ, ಅವರು ವಾರದಿಂದ ವಾರಕ್ಕೆ ಎಂಬ ಷರತ್ತಿನ ಮೇಲೆ ಕೆಲಸ ಒಪ್ಪಿಕೊಂಡರು. ಮಾರ್ಚ್‌ನಲ್ಲಿ ನಾಜಿ ಸೇನೆ ವಿಯೆನ್ನಾ ಹೊಕ್ಕಾಗ ಅವರು ಕ್ಯಾಲಿಫೋರ್ನಿಯದಲ್ಲಿದ್ದರು. ಈ ಚಿತ್ರವೇ ತಮ್ಮ ಜೀವ ಉಳಿಸಿತೆಂದು ಅವರು ಮುಂದೆ ನೆನೆಯುತ್ತಿದ್ದರು. ಪ್ರತಿ ಪಾತ್ರಕ್ಕೂ ಭಾವಕ್ಕೂ ಒಂದೊಂದು ಗುರುತಿನ ಸ್ವರಗುಚ್ಛ ಕೊಟ್ಟು, ಸನ್ನಿವೇಶಕ್ಕೆ ತಕ್ಕಂತೆ ಅದನ್ನು ಬೆಳೆಸುವ ಒಪೆರಾದ ಕ್ರಮವನ್ನು ಅವರು ಇಲ್ಲಿ ಪೂರ್ಣವಾಗಿ ಬಳಸಿದ್ದಾರೆ.

ಚಿತ್ರ ಗಳಿಸಿದ ಮೂರು ಆಸ್ಕರ್ ಪ್ರಶಸ್ತಿಗಳಲ್ಲಿ ಒಂದೂ ನಟರದಲ್ಲ: ಕಲಾ ನಿರ್ದೇಶನಕ್ಕೆ ವೈಲ್, ಸಂಕಲನಕ್ಕೆ ರಾಲ್ಫ್ ಡಾಸನ್, ಸಂಗೀತಕ್ಕೆ ಕಾರ್ನ್‌ಗೋಲ್ಡ್. ‘ಆಂಥನಿ ಅಡ್ವರ್ಸ್’ ಚಿತ್ರಕ್ಕೆ ಕಾರ್ನ್‌ಗೋಲ್ಡ್ ರಚಿಸಿದ್ದ ಸಂಗೀತದ ಪ್ರಶಸ್ತಿಯನ್ನು ಹಿಂದೆ ಸ್ಟುಡಿಯೋದ ಸಂಗೀತ ವಿಭಾಗದ ಮುಖ್ಯಸ್ಥರಿಗೆ ಕೊಡಲಾಗಿತ್ತು; ಈ ಬಾರಿ ಅದು ಸ್ವರ ಹಾಕಿದವರ ಕೈಗೇ ಬಂದಿತು. ಅಪ್ಪಟ ಇಂಗ್ಲಿಷ್ ದಂತಕಥೆಯೊಂದನ್ನು ಬಹುಪಾಲು ಬೇರೆ ನಾಡುಗಳಿಂದ ಬಂದವರು ಕಟ್ಟಿದರೆಂಬುದೂ, ನಾಯಕನ ಒಂಟಿ ಶೌರ್ಯ ಇಷ್ಟು ಕಸುಬುಗಳ ಒಟ್ಟು ಫಲವೆಂಬುದೂ ಈ ಪಟ್ಟಿಯಿಂದಲೇ ತಿಳಿಯುತ್ತದೆ.

ಕ್ಯಾಗ್ನಿಯವರ ಕರಾರಿನ ಜಗಳದಿಂದ ತಡವಾದ ಈ ಚಿತ್ರದ ತಂಡದಲ್ಲಿ ಆ ಜಗಳವನ್ನು ಕೊನೆ ಮುಟ್ಟಿಸಿದವರು ಡಿ ಹ್ಯಾವಿಲೆಂಡ್. ಪಾತ್ರ ನಿರಾಕರಿಸಿ ಅಮಾನತಾದ ದಿನಗಳನ್ನೆಲ್ಲ ಕರಾರಿನ ಅವಧಿಗೆ ಸೇರಿಸುತ್ತಿದ್ದ ಸ್ಟುಡಿಯೋದ ವಿರುದ್ಧ ಅವರು ಹೂಡಿದ ದಾವೆಯಲ್ಲಿ, ಏಳು ವರ್ಷಕ್ಕೆ ಮೀರಿ ಯಾವ ಕಲಾವಿದರನ್ನೂ ಹಾಗೆ ಕಟ್ಟಿಹಾಕುವಂತಿಲ್ಲವೆಂದು ಕ್ಯಾಲಿಫೋರ್ನಿಯದ ಮೇಲ್ಮನವಿ ನ್ಯಾಯಾಲಯ 1944ರ ಡಿಸೆಂಬರ್‌ನಲ್ಲಿ ತೀರ್ಪು ಕೊಟ್ಟಿತು. 2020ರ ಜುಲೈಯಲ್ಲಿ, 104ನೆಯ ವಯಸ್ಸಿನಲ್ಲಿ ಅವರು ಪ್ಯಾರಿಸ್‌ನಲ್ಲಿ ತೀರಿಕೊಂಡರು. ಏಳು ವರ್ಷದ ಆ ನಿಯಮ ಕ್ಯಾಲಿಫೋರ್ನಿಯದಲ್ಲಿ ಇಂದಿಗೂ ಅವರ ಹೆಸರಿನಿಂದಲೇ ಪರಿಚಿತವಾಗಿದೆ.