ಚಿಕ್ಕಪ್ಪನ ಪಿನ್‌ಬಾಲ್ ಮತ್ತು ಒಂದು ಮಡಚಿದ ಹಾಳೆ

ಇವತ್ತು ರಾಜಕೀಯ ಇಲ್ಲ. ಇದನ್ನು ಕೇಳಿ ರಿಮೋಟ್ ಕೈಗೆತ್ತಿಕೊಂಡವರಿಗೆ ಒಂದು ವಿನಂತಿ, ಹತ್ತು ನಿಮಿಷ ಕೊಡಿ. ರಿಮೋಟಿನ ವಿಷಯವೂ ಇದರಲ್ಲಿ ಬರುತ್ತೆ.

ಕಳೆದ ತಿಂಗಳು ನಮ್ಮ ಮನೆಯ ಟಿವಿ ಕೆಟ್ಟಿತು. ನ್ಯೂಸ್ ಓದುವವನ ಮನೆಯಲ್ಲೇ ಟಿವಿ ಕೆಟ್ಟರೆ ಜನ ನಗ್ತಾರೆ, ಇರಲಿ. ಕಂಪನಿಯ ಹುಡುಗ ಬಂದ, ಹಿಂದಿನ ಕವರ್ ಕೂಡ ತೆಗೆಯಲಿಲ್ಲ. ಮೊಬೈಲಲ್ಲಿ ಏನೋ ನೋಡಿ, "ಸರ್, ಬೋರ್ಡ್ ಹೋಗಿದೆ. ಈ ಮಾಡೆಲ್‌ಗೆ ಬೋರ್ಡ್ ಬರ್ತಿಲ್ಲ. ಹೊಸದೇ ತಗೊಳ್ಳಿ" ಅಂದ. ಟಿವಿಗೆ ಆರು ವರ್ಷ. ಬೋರ್ಡಿನ ಯಾವ ಭಾಗ ಹೋಗಿದೆ ಅಂತ ಕೇಳಿದೆ. "ಅದೆಲ್ಲ ನಮಗೆ ಹೇಳಿಕೊಡಲ್ಲ ಸರ್" ಅಂದ. ತಪ್ಪು ಅವನದಲ್ಲ. ಅವನಿಗೆ ನಿಜವಾಗಿಯೂ ಹೇಳಿಕೊಟ್ಟಿಲ್ಲ.

ಅದೇ ವಾರ ಕಾಪುವಿನಿಂದ ಫೋನ್. ಮನೆಯ ಅಟ್ಟ ಖಾಲಿ ಮಾಡ್ತಾ ಇದ್ದಾರೆ, ಚಿಕ್ಕಪ್ಪನ "ಆಟದ ಪೆಟ್ಟಿಗೆ"ಯನ್ನು ಗುಜರಿಗೆ ಹಾಕೋದಾ ಅಂತ. ಗುಜರಿಯವನು ಕಬ್ಬಿಣ, ತಾಮ್ರ ಎಲ್ಲ ಸೇರಿಸಿ ತೂಕಕ್ಕೆ ರೇಟು ಹೇಳಿ ಹೋಗಿದ್ದಾನೆ. ನಾನು ಬರುವವರೆಗೆ ನಿಲ್ಲಿಸಿ ಅಂದೆ.

ಆ ಪೆಟ್ಟಿಗೆ ಏನು ಅಂತ ಹೇಳಬೇಕು. ಅಮೆರಿಕದ ಷಿಕಾಗೋದಲ್ಲಿ ಗಾಟ್ಲೀಬ್ ಅನ್ನೋ ಕಂಪನಿ 1960ರ ದಶಕದಲ್ಲಿ ಮಾಡಿದ ಪಿನ್‌ಬಾಲ್ ಮಷೀನ್. ಓರೆಯಾದ ಮರದ ಹಲಗೆ, ಮೇಲೆ ಗಾಜು. ಸ್ಪ್ರಿಂಗ್ ಎಳೆದು ಬಿಟ್ಟರೆ ಉಕ್ಕಿನ ಗುಂಡು ಮೇಲಕ್ಕೆ ಹಾರಿ, ಬಂಪರ್‌ಗಳಿಗೆ ಬಡಿದು ಕೆಳಗೆ ಬರುತ್ತೆ. ಕೆಳಗಿನ ತೂತಿಗೆ ಬೀಳದ ಹಾಗೆ ಎರಡು ರೆಕ್ಕೆಗಳಿಂದ ಮತ್ತೆ ಮೇಲಕ್ಕೆ ಹೊಡೀಬೇಕು. ಆ ರೆಕ್ಕೆಗಳೇ ಫ್ಲಿಪ್ಪರ್. ಊರಿನ ಜಾತ್ರೆಯಲ್ಲಿ ಮೊಳೆ ಹೊಡೆದ ಹಲಗೆ ಮೇಲೆ ಗೋಲಿ ಬಿಡೋ ಆಟ ನೋಡಿದ್ದೀರಲ್ಲ, ಅದರ ಕರೆಂಟಿನ ಅಣ್ಣ ಅಂದುಕೊಳ್ಳಿ.

ಚಿಕ್ಕಪ್ಪ ಮುಂಬೈಯಲ್ಲಿ ಉಡುಪಿ ಹೋಟೆಲಿನ ಗಲ್ಲಾದಲ್ಲಿ ಕೂತು, ಆಮೇಲೆ ಸ್ವಂತ ಸಣ್ಣ ಕ್ಯಾಂಟೀನ್ ಮಾಡಿದವರು. ನಮ್ಮ ಕರಾವಳಿಯಲ್ಲಿ ಹೀಗೆ ಬೊಂಬಾಯಿಗೆ ಹೋದ ಒಬ್ಬರಾದರೂ ಇಲ್ಲದ ಮನೆ ಕಡಿಮೆ. ಮಷೀನನ್ನು ಚೋರ್ ಬಜಾರಿನಲ್ಲಿ ಕೊಂಡು ಕ್ಯಾಂಟೀನಿನ ಮೂಲೆಯಲ್ಲಿ ಇಟ್ಟಿದ್ದರು. ಅಮೆರಿಕದ ನಾಣ್ಯ ಇಲ್ಲಿ ಎಲ್ಲಿ ಸಿಗಬೇಕು? ನಾಣ್ಯದ ಭಾಗ ಕಿತ್ತು ಒಂದು ಸ್ವಿಚ್ ಹಾಕಿದ್ದರು. ಹುಡುಗರು ಗಲ್ಲಾದಲ್ಲಿ ಎಂಟಾಣೆ ಕೊಟ್ಟರೆ ಚಿಕ್ಕಪ್ಪ ಸ್ವಿಚ್ ಒತ್ತೋದು. ಊರಿಗೆ ವಾಪಸ್ ಬರುವಾಗ ಲಾರಿಯಲ್ಲಿ ಪಾತ್ರೆ, ಗ್ರೈಂಡರ್ ಜೊತೆ ಇದೂ ಬಂತು. ನಾನು ಹುಟ್ಟಿದಾಗಿನಿಂದ ಅಟ್ಟದಲ್ಲಿದೆ. ಅದು ಉರಿದದ್ದನ್ನು ನಾನು ಒಮ್ಮೆಯೂ ನೋಡಿರಲಿಲ್ಲ.

ನಾಲ್ಕು ಜನ ಸೇರಿ ಇಳಿಸಿದೆವು. ಮುಂದಿನ ಬಾಗಿಲು ತೆಗೆದಾಗ ಒಳಗೆ ಒಂದು ಮಡಚಿದ ಹಾಳೆ ಸಿಕ್ಕಿತು. ಬಿಡಿಸಿದೆ, ಬಿಡಿಸಿದೆ, ಊಟದ ಟೇಬಲ್ ಪೂರ್ತಿ ಬಂತು. ಇಡೀ ಮಷೀನಿನ ವೈರಿಂಗ್ ನಕ್ಷೆ! ಪ್ರತಿ ರಿಲೇ, ಪ್ರತಿ ಸ್ವಿಚ್, ಪ್ರತಿ ವೈರಿನ ಬಣ್ಣ. ಕೊಂಡವನು ಬಿಚ್ಚುತ್ತಾನೆ, ಅವನಿಗೆ ಬೇಕಾಗುತ್ತೆ ಅಂತ ಕಂಪನಿಯೇ ಒಳಗಿಟ್ಟು ಕಳಿಸುತ್ತಿದ್ದ ಕಾಲ. ನಮ್ಮಲ್ಲೂ ಹಳೇ ವಾಲ್ವ್ ರೇಡಿಯೋಗಳ ಹಿಂದಿನ ರಟ್ಟಿನ ಮೇಲೆ ಯಾವ ವಾಲ್ವ್ ಎಲ್ಲಿ ಅಂತ ಅಚ್ಚಾಗಿರುತ್ತಿತ್ತು, ಹಿರಿಯರಿಗೆ ನೆನಪಿರಬಹುದು. ಈಗ ನಿಮ್ಮ ರಿಮೋಟ್ ಬಿಚ್ಚಿ ನೋಡಿ. ಸ್ಕ್ರೂ ಕೂಡ ಇರಲ್ಲ.

ನಾನು ಮಣಿಪಾಲದಲ್ಲಿ ಇಂಜಿನಿಯರಿಂಗ್ ಓದಿದವನು. ನಾಲ್ಕು ವರ್ಷ ಓದಿದ್ದು ಚಿಪ್ಪು, ಪ್ರೋಗ್ರಾಮು. ಈ ಮಷೀನಿನಲ್ಲಿ ಒಂದೇ ಒಂದು ಚಿಪ್ಪಿಲ್ಲ. ಸ್ಕೋರ್ ನೆನಪಿಡೋದು ಚಕ್ರಗಳು. ಸೊನ್ನೆಯಿಂದ ಒಂಬತ್ತರವರೆಗೆ ಅಂಕಿ ಇರೋ ಚಕ್ರವನ್ನು ಕಾಯಿಲ್ ಒಂದು ಹಲ್ಲು ಎಳೆದರೆ ಒಂದು ಅಂಕ. ಒಂಬತ್ತು ದಾಟುವಾಗ ಒಂದು ಸ್ವಿಚ್ ಮುಚ್ಚಿ ಪಕ್ಕದ ಚಕ್ರಕ್ಕೆ ಹೇಳುತ್ತೆ. ದಶಕ ಕಳೆಯೋದು, ದಶಕ ಕೂಡೋದು ಒಂದನೇ ಕ್ಲಾಸಲ್ಲಿ ಕಲಿತದ್ದು ಕಣ್ಣೆದುರೇ ನಡೀತಾ ಇರುತ್ತೆ. ಮಷೀನನ್ನು ಅಲುಗಾಡಿಸಿ ಮೋಸ ಮಾಡಿದರೆ ಹಿಡಿಯೋಕೆ ಒಂದು ಲೋಲಕ, ಅದರ ಸುತ್ತ ಒಂದು ಲೋಹದ ಬಳೆ. ಲೋಲಕ ಬಳೆಗೆ ತಾಗಿದರೆ ಟಿಲ್ಟ್, ಆಟ ಮುಗೀತು. ಅಷ್ಟೇ. ಡಿಗ್ರಿ ತಗೊಂಡು ಹದಿನೈದು ವರ್ಷ ಆದಮೇಲೆ ನನಗೆ ರಿಲೇ ಅಂದರೆ ಏನು ಅಂತ ಅರ್ಥ ಆಯ್ತು ಅಂದರೆ ನಮ್ಮ ಮೇಷ್ಟ್ರುಗಳು ಬೇಜಾರು ಮಾಡ್ಕೋಬಾರದು.

ನಮ್ಮ ಮನೆ ಕಡಲಿಗೆ ಒಂದೂವರೆ ಕಿಲೋಮೀಟರ್. ರಾತ್ರಿ ಕಾಪು ದೀಪಸ್ತಂಭದ ಬೆಳಕು ತೆಂಗಿನ ತಲೆ ಮೇಲೆ ಸುತ್ತೋದು ಕಾಣುತ್ತೆ. 1901ರಿಂದ ನಿಂತಿರೋ ದೀಪ ಅದು. ಚಂದ ಉಂಟು, ಆದರೆ ಉಪ್ಪುಗಾಳಿ ಯಾವ ಲೋಹವನ್ನೂ ಬಿಡಲ್ಲ. ಮೇಲಿಂದ ನಾಲ್ಕು ತಿಂಗಳ ಮಳೆ. ನೂರಾರು ಸ್ವಿಚ್ಚುಗಳ ತುದಿಗೆಲ್ಲ ಹಸಿರು ಕಿಲುಬು. ಒಂದೊಂದನ್ನೇ ಸಣ್ಣ ಅರದಿಂದ ಉಜ್ಜಿ, ಎಲೆಯಷ್ಟು ತೆಳು ಪಟ್ಟಿಯನ್ನು ಬಗ್ಗಿಸಿ ಅಂತರ ಸರಿಮಾಡಬೇಕು. ಯಾರೋ ಸ್ಪ್ರೇ ಎಣ್ಣೆ ಹೊಡೀರಿ ಅಂದರು. ದಯವಿಟ್ಟು ಹೊಡೀಬೇಡಿ. ಈ ಸ್ವಿಚ್ಚುಗಳಲ್ಲಿ ಕಿಡಿ ಹಾರುತ್ತೆ, ಎಣ್ಣೆಗೆ ಬೆಂಕಿ ಹತ್ತುತ್ತೆ. ಆರು ವಾರ, ವಾರಕ್ಕೊಂದು ರಜೆ, ನಾನು ಮತ್ತು ಒಂದು ಅರ.

ಪೆಟ್ಟಿಗೆಯ ಅಡಿ ಹಲಗೆ ಗೆದ್ದಲು ತಿಂದಿತ್ತು. ಕಾರ್ಕಳದ ಕಡೆಯ ಒಬ್ಬ ಹಿರಿಯ ಆಚಾರಿ ಬಂದರು. ಆಟದ ಹಲಗೆಯ ಬಣ್ಣ ಚಕ್ಕೆ ಎದ್ದಿರೋದನ್ನು ನೋಡಿ, ಪೂರ್ತಿ ಉಜ್ಜಿ ಹೊಸ ಬಣ್ಣ ಹೊಡೆಯೋಣ ಅಂತ ನಾನು ಹೇಳಿದೆ. ಅವರು ನನ್ನನ್ನೇ ಒಂದು ಸಲ ನೋಡಿ, "ಬಣ್ಣ ತೆಗೆದ್ರೆ ಮತ್ತೆ ಎಂಥ ಉಳೀತದೆ ಮಾರಾಯ್ರೆ, ಹಲಗೆ ನಮ್ಮಲ್ಲೂ ಉಂಟಲ್ಲ" ಅಂದರು. ಉಳಿದದ್ದನ್ನು ಹಾಗೇ ಉಳಿಸಿ, ಹೋದಲ್ಲಿ ಮಾತ್ರ ತುಂಬಿದೆವು. ಅಡಿಗೆ ಹಲಸಿನ ಹಲಗೆ ಹಾಕಿದರು. ಷಿಕಾಗೋದ ಮಷೀನು, ಕಾರ್ಕಳದ ಹಲಸು. ಹಲಗೆಯ ಓರೆ ಮೂರೂವರೆ ಡಿಗ್ರಿ ಇರಬೇಕು. ರಸಮಟ್ಟ ಇಟ್ಟು, ಕಾಲಿನ ತಿರುಪು ತಿರುಗಿಸಿ, ಹತ್ತೇ ನಿಮಿಷದಲ್ಲಿ ಕೂರಿಸಿದರು.

ಮಣಿಪಾಲದಲ್ಲಿ ವಿಜಯನಾಥ ಶೆಣೈ ಅಂತ ಇದ್ದರು, 2017ರಲ್ಲಿ ತೀರಿಕೊಂಡರು. ಬ್ಯಾಂಕಿನ ನೌಕರ. ಜನ ಕೆಡವುತ್ತಿದ್ದ ಹಳೇ ಮನೆಗಳನ್ನು ಬಿಚ್ಚಿ ತಂದು, ಕಂಬಕ್ಕೆ ಕಂಬ, ತೊಲೆಗೆ ತೊಲೆ ಮತ್ತೆ ಜೋಡಿಸಿದವರು. ಹಸ್ತಶಿಲ್ಪ ಹೆರಿಟೇಜ್ ವಿಲೇಜ್ ಅವರ ಕೆಲಸ. ಕಾರ್ಕಳದ ಹತ್ತಿರದ ಮಿಯಾರಿನ ಮನೆಯೂ ಅಲ್ಲಿದೆ. ವಿದ್ಯಾರ್ಥಿಯಾಗಿದ್ದಾಗ ಅದರ ಮುಂದೆ ಎಷ್ಟೋ ಸಲ ಬೈಕಲ್ಲಿ ಹೋಗಿದ್ದೇನೆ, ಒಳಗೆ ಹೋಗಿರಲಿಲ್ಲ. ಈ ಸಲ ಹೋದೆ. ಅವರಿಗೆ ಬೇಕಾಗಿದ್ದು ಮರದಷ್ಟೇ ಮುಖ್ಯವಾಗಿ ಆ ಕೀಲು ಹಾಕಬಲ್ಲ ಕೈಗಳು. ಅದನ್ನು ಆಚಾರಿಯ ಮಾತು ಕೇಳಿದ ಮೇಲೆ ನೋಡಿದ್ದರಿಂದ ನನಗೆ ಕಂಡಿತು.

ಇನ್ನು ನನ್ನ ಪ್ರತಾಪ ಹೇಳಬೇಕು. ಮಷೀನು 115 ವೋಲ್ಟಿನದು, ನಮ್ಮದು 230. ನಡುವೆ ಟ್ರಾನ್ಸ್‌ಫಾರ್ಮರ್ ಇಟ್ಟು ಮೊದಲ ಸಲ ಕರೆಂಟ್ ಕೊಟ್ಟೆವು. ದೀಪ ಹತ್ತಿತು. ಮನೆಯವರೆಲ್ಲ ಚಪ್ಪಾಳೆ. ನಾನು ಎರಡೂ ಫ್ಲಿಪ್ಪರ್ ಬಟನ್ ಒತ್ತಿ ಹಿಡಿದು ಫೋಟೋಗೆ ನಿಂತೆ. ಮೂವತ್ತು ಸೆಕೆಂಡಿಗೆ ಹೊಗೆ.

ಆಗಿದ್ದು ಇಷ್ಟು. ಫ್ಲಿಪ್ಪರಿನ ಕಾಯಿಲಿನಲ್ಲಿ ಎರಡು ಸುತ್ತು ಇರುತ್ತೆ. ದಪ್ಪ ತಂತಿಯದು ಜೋರಾಗಿ ಒದೆಯೋಕೆ. ರೆಕ್ಕೆ ಪೂರ್ತಿ ಎದ್ದ ಕೂಡಲೇ ಒಂದು ಪುಟ್ಟ ಸ್ವಿಚ್ ತೆರೆದುಕೊಂಡು, ಉದ್ದದ ಸಣ್ಣ ತಂತಿಯನ್ನೂ ದಾರಿಗೆ ಸೇರಿಸುತ್ತೆ. ಆಗ ಕರೆಂಟ್ ಕಡಿಮೆ ಆಗಿ, ಸುಮ್ಮನೆ ಎತ್ತಿ ಹಿಡಿಯುವಷ್ಟು ಮಾತ್ರ ಹರಿಯುತ್ತೆ. ಆ ಒಂದು ಸ್ವಿಚ್ಚನ್ನು ನಾನು ಉಜ್ಜಿದ್ದೆ, ಅಂತರ ಸರಿಮಾಡಿರಲಿಲ್ಲ. ಅದು ತೆರೆಯಲಿಲ್ಲ, ಕಾಯಿಲ್ ಸುಟ್ಟಿತು. ನಕ್ಷೆಯಲ್ಲಿ ಆ ಸ್ವಿಚ್ ಸ್ಪಷ್ಟವಾಗಿ ಇತ್ತು.

ವಿದೇಶದಿಂದ ತರಿಸಿದರೆ ಕಾಯಿಲಿಗಿಂತ ಸಾಗಣೆಗೆ ಜಾಸ್ತಿ. ಚಿಕ್ಕಪ್ಪ ಅಂದರು, "ಪಂಪಿನವನ ಹತ್ರ ಕೊಂಡೋಗು." ಬಾವಿ ಪಂಪಿನ ಮೋಟಾರ್ ಸುತ್ತೋ ಅಂಗಡಿ. ಉಡುಪಿ ರಸ್ತೆಯಲ್ಲಿ ಒಂದು ಉಂಟು, ಕರ್ರಗಿನ ಗೋಡೆ, ವಾರ್ನಿಶಿನ ವಾಸನೆ. ಅರವತ್ತು ದಾಟಿದ ಮನುಷ್ಯ. ಪಿನ್‌ಬಾಲ್ ಅನ್ನೋ ಹೆಸರೇ ಕೇಳಿಲ್ಲ. ಸುಟ್ಟ ಕಾಯಿಲನ್ನು ಕೈಯಲ್ಲಿ ತಿರುಗಿಸಿ, "ಇದರಲ್ಲಿ ಎರಡು ತಂತಿ ಉಂಟಲ್ಲ" ಅಂದರು. ನಾನು ಬಾಯಿ ಬಿಡುವ ಮೊದಲೇ. ಆಮೇಲೆ ಸುತ್ತು ಬಿಚ್ಚುತ್ತಾ ಎಣಿಸಿದರು. ಜೋರಾಗಿ ಅಲ್ಲ, ತುಟಿಯಲ್ಲಿ. ನೂರಕ್ಕೊಂದು ಸೀಮೆಸುಣ್ಣದ ಗೆರೆ ಗೋಡೆಯ ಮೇಲೆ. ತಂತಿಯ ದಪ್ಪಕ್ಕೆ ಗೇಜ್ ಹಿಡಿದು ನೋಡಿದರು. ಮರುದಿನ ಹೊಸ ಕಾಯಿಲ್ ರೆಡಿ. ಎಷ್ಟು ಅಂದೆ. ಅವರು ಹೇಳಿದ ಹಣಕ್ಕೆ ಬೆಂಗಳೂರಿನಲ್ಲಿ ಎರಡು ಕಾಫಿ ಬರಲ್ಲ.

ಅಂಗಡಿಗೆ ಮುಂದೆ ಯಾರು ಅಂತ ಕೇಳಿದೆ. ಮಗ ದುಬೈಯಲ್ಲಿ. ಕೆಲಸ ಕಲಿಯೋಕೆ ಬಂದ ಹುಡುಗ ಮೂರು ತಿಂಗಳಲ್ಲಿ ಡೆಲಿವರಿ ಕೆಲಸಕ್ಕೆ ಹೋದ. ಈಗ ಬರೋ ಪಂಪುಗಳಲ್ಲಿ ಕೆಲವನ್ನು ಬಿಚ್ಚೋಕೇ ಆಗಲ್ಲವಂತೆ. "ಬಾಡಿಗೆ ಕರಾರು ಮಾರ್ಚಿಗೆ ಮುಗೀತದೆ" ಅಂದರು. ಅಷ್ಟೇ ಹೇಳಿದರು, ಮತ್ತೆ ಕೆಲಸಕ್ಕೆ ಬಗ್ಗಿದರು.

ಈಗ ಸ್ವಲ್ಪ ನ್ಯೂಸು. 2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ದುರಸ್ತಿಯ ಹಕ್ಕಿನ ಬಗ್ಗೆ ಒಂದು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್ ಮತ್ತು ಎಲೆಕ್ಟ್ರಾನಿಕ್ಸ್, ಗೃಹೋಪಯೋಗಿ ವಸ್ತು, ವಾಹನ ಅಂತ ನಾಲ್ಕು ಕ್ಷೇತ್ರ ಆರಿಸಿಕೊಂಡಿತು. ಅದೇ ಡಿಸೆಂಬರಿನಲ್ಲಿ ಒಂದು ಪೋರ್ಟಲ್ ಬಂತು. ಕಂಪನಿಗಳು ಅದರಲ್ಲಿ ಮಾಹಿತಿ ಹಾಕಬಹುದು. "ಬಹುದು" ಅನ್ನೋ ಪದ ಗಮನಿಸಿ. ಯುರೋಪಿಯನ್ ಒಕ್ಕೂಟ 2024ರಲ್ಲಿ ಇದಕ್ಕೆ ನಿರ್ದೇಶನವನ್ನೇ ಹೊರಡಿಸಿದೆ. ನನ್ನ ಟಿವಿಗೆ ನಮ್ಮ ಪೋರ್ಟಲಿನಲ್ಲಿ ಹುಡುಕಿದೆ. ಸಿಕ್ಕಿದ್ದು ಕಸ್ಟಮರ್ ಕೇರ್ ನಂಬರು. ಅದಕ್ಕೆ ಫೋನ್ ಮಾಡಿದ್ದಕ್ಕೇ ಆ ಹುಡುಗ ಬಂದಿದ್ದು! ನಕ್ಷೆ ಕೊಡಿ, ಬಿಡಿಭಾಗ ಮಾರಿ, ಅಂತ ಕಡ್ಡಾಯ ಮಾಡದೆ ಬರೀ ಪೋರ್ಟಲ್ ಮಾಡಿದರೆ ಪಂಪಿನ ಅಂಗಡಿಯವರಿಗೆ ಏನು ಉಪಯೋಗ?

ಪಿನ್‌ಬಾಲಿಗೆ ಕಾನೂನಿನ ಜೊತೆ ಹಳೇ ಜಗಳವೂ ಇದೆ. ನ್ಯೂಯಾರ್ಕಿನ ಮೇಯರ್ ಲಾ ಗಾರ್ಡಿಯಾ 1942ರಲ್ಲಿ ಇದನ್ನು ಜೂಜು ಅಂತ ನಿಷೇಧಿಸಿ, ಮಷೀನುಗಳನ್ನು ಸುತ್ತಿಗೆಯಿಂದ ಒಡೆಸಿದ. ಆಗ ಅವನ ಮಾತು ಪೂರ್ತಿ ಸುಳ್ಳೂ ಅಲ್ಲ. ಯಾಕಂದ್ರೆ ಆಗ ಫ್ಲಿಪ್ಪರೇ ಇರಲಿಲ್ಲ, ಗುಂಡು ಬಿಟ್ಟ ಮೇಲೆ ದೇವರೇ ಗತಿ. 1947ರಲ್ಲಿ ಗಾಟ್ಲೀಬ್‌ನ ಹಂಪ್ಟಿ ಡಂಪ್ಟಿ ಅನ್ನೋ ಮಷೀನಿನಲ್ಲಿ ಫ್ಲಿಪ್ಪರ್ ಬಂತು, ಆಟ ಕೈಚಳಕದ್ದಾಯ್ತು. ಕಾನೂನು ಮಾತ್ರ ಅಲ್ಲೇ ನಿಂತಿತ್ತು, ಮತ್ತೂ 29 ವರ್ಷ. 1976ರಲ್ಲಿ ರೋಜರ್ ಶಾರ್ಪ್ ಅನ್ನೋ ಪತ್ರಕರ್ತ, ನಮ್ಮ ಜಾತಿಯವನೇ, ನಗರಸಭೆಯವರ ಮುಂದೆ ಆಡಿ ತೋರಿಸಿದ. ಸ್ಪ್ರಿಂಗ್ ಎಳೆದು, ಗುಂಡು ನಡುವಿನ ಓಣಿಗೇ ಹೋಗುತ್ತೆ ಅಂತ ಮೊದಲೇ ಹೇಳಿ ಬಿಟ್ಟ. ಹೋಯ್ತು. ನಿಷೇಧವೂ ಹೋಯ್ತು. ನಮ್ಮ ಸಂಸತ್ತು 2025ರ ಆಗಸ್ಟಿನಲ್ಲಿ ಹಣ ಕಟ್ಟಿ ಆಡೋ ಆನ್‌ಲೈನ್ ಆಟಗಳನ್ನು ಕೌಶಲವೋ ಅದೃಷ್ಟವೋ ಅಂತ ನೋಡದೇ ನಿಷೇಧಿಸಿತಲ್ಲ, ಅದನ್ನು ನಾನು ಇದೇ ಸ್ಟುಡಿಯೋದಲ್ಲಿ ಸಮರ್ಥಿಸಿದ್ದೆ, ಈಗಲೂ ಸಮರ್ಥಿಸುತ್ತೇನೆ. ಅಲ್ಲಿ ಹೋಗ್ತಾ ಇದ್ದದ್ದು ಎಂಟಾಣೆ ಅಲ್ಲ, ಮನೆಗಳು. ಮತ್ತೆ, ಆ ಆ್ಯಪಿನ ಒಳಗೆ ಏನು ನಡೀತದೆ ಅಂತ ನೋಡೋಕೆ ಯಾರ ಕೈಗೂ ನಕ್ಷೆ ಸಿಕ್ಕಿರಲಿಲ್ಲ.

ಹಳೇ ಗುಂಡಿಗೆ ತುಕ್ಕು ಹಿಡಿದಿತ್ತು. ಅಂಥದ್ದು ಹಲಗೆಯನ್ನು ಮರಳುಕಾಗದದ ಹಾಗೆ ತಿನ್ನುತ್ತೆ. ಉಡುಪಿಯ ಬೇರಿಂಗ್ ಅಂಗಡಿಯಲ್ಲಿ 27 ಮಿಲಿಮೀಟರಿನ, 80 ಗ್ರಾಂ ತೂಗುವ ಗುಂಡು ಸಿಕ್ಕಿತು. ರಬ್ಬರ್ ಉಂಗುರಗಳು ಪಂಪಿನ ವಾಷರ್. ಒಡೆದ ಬಂಪರಿನ ಮುಚ್ಚಳವನ್ನು ಮಣಿಪಾಲದಲ್ಲಿ ಪಾಠ ಮಾಡುವ ಸಹಪಾಠಿ ತ್ರೀಡಿ ಪ್ರಿಂಟರಿನಲ್ಲಿ ಮಾಡಿಕೊಟ್ಟ. ಬಣ್ಣ ಸ್ವಲ್ಪ ಬೇರೆ, ಪರವಾಗಿಲ್ಲ.

ಕಳೆದ ಭಾನುವಾರ ಚಿಕ್ಕಪ್ಪನನ್ನು ಕುರ್ಚಿಯಿಂದ ಎಬ್ಬಿಸಿ ನಿಲ್ಲಿಸಿದೆವು. ಎಂಬತ್ತೊಂದು ವರ್ಷ, ಎಡಗಣ್ಣು ಕಾಣಲ್ಲ. ಪಂಪಿನ ಅಂಗಡಿಯವರನ್ನೂ ಕರೆದಿದ್ದೆ, ಅಂಗಿ ಇಸ್ತ್ರಿ ಮಾಡಿಸಿಕೊಂಡು ಬಂದಿದ್ದರು. ಅಮೆರಿಕದಲ್ಲಿ ಕರೆಂಟು 60 ಹರ್ಟ್ಸ್, ಇಲ್ಲಿ 50. ಅದಕ್ಕೆ ಒಳಗಿನ ಮೋಟಾರ್ ಆರರಲ್ಲೊಂದು ಪಾಲು ನಿಧಾನ. ಆಟ ಶುರುವಾಗುವಾಗ ಚಕ್ರಗಳೆಲ್ಲ ಟಕ ಟಕ ಅಂತ ಸೊನ್ನೆಗೆ ಬರೋ ಸದ್ದು ಎಳೆದ ಹಾಗೆ ಕೇಳಿತು. ನಾನು ಕ್ಷಮೆ ಕೇಳೋ ದನಿಯಲ್ಲಿ ಅದನ್ನು ವಿವರಿಸಿದೆ. "ಬೊಂಬಾಯಿಯಲ್ಲೂ ಇದೇ ಸದ್ದು" ಅಂದರು ಚಿಕ್ಕಪ್ಪ. ಮೊದಲ ಗುಂಡು ನೇರ ತೂತಿಗೆ. ಎರಡನೆಯದನ್ನು ಎಡಗಡೆ ಫ್ಲಿಪ್ಪರಿನಲ್ಲೇ, ಅಂದರೆ ಹೊಸ ಕಾಯಿಲಿನದರಲ್ಲೇ, ಒಂದು ನಿಮಿಷ ಆಡಿಸಿದರು. ಮೂರನೆಯದಕ್ಕೆ ಸೊಂಟದಿಂದ ಪೆಟ್ಟಿಗೆಗೆ ಒಂದು ಗುದ್ದು ಕೊಟ್ಟರು. ಟಿಲ್ಟ್. ಪಂಪಿನವರು ಜೋರಾಗಿ ನಕ್ಕರು.

ಸಾವಿರದ ಚಕ್ರ ಇನ್ನೂ ಏಳರಲ್ಲಿ ಸಿಕ್ಕಿಕೊಳ್ಳುತ್ತೆ. ಅದರ ಸ್ಪ್ರಿಂಗ್ ಸಡಿಲ ಇರಬೇಕು ಅಂತ ಅವರು ಕಿಸೆಯಿಂದ ಕನ್ನಡಕ ತೆಗೆದು ನಕ್ಷೆ ಹರಡಿಕೊಂಡು ಕೂತರು. ನನಗೆ ರಾತ್ರಿ ಬಸ್ಸಿತ್ತು, ಹೊರಟೆ. ಮೊನ್ನೆ ಫೋನ್ ಬಂತು, ಸ್ಪ್ರಿಂಗ್ ಅಲ್ಲವಂತೆ, ಹಲ್ಲು ಸವೆದಿದೆಯಂತೆ. ಮಾರ್ಚಿನ ಒಳಗೆ ಮಾಡಿಕೊಡ್ತೇನೆ ಅಂದಿದ್ದಾರೆ.